ಮೂರು ವರ್ಷದ ಟಯರು, ಹತ್ತು ನಿಮಿಷದ ಜಾಕಿ

ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ನ ಉರಿಗಾಂನಲ್ಲಿ ಗಣಿಯ ಕಾಲದ ಬಂಗಲೆಯೊಂದರ ಪಕ್ಕಕ್ಕೆ ತಗಡಿನ ಸೂರಿನ ಕಾರ್ ಶೆಡ್ಡಿದೆ. ಸೂರು ಹಳೆಯದು, ನೆಲ ಹೊಸದು. ಮೂರು ವರ್ಷದ ಹಿಂದೆ ಮನೆಯವರು ಕಾಂಕ್ರೀಟ್ ಹಾಕಿಸಿ, ಅದರ ಮೇಲೆ ಬೂದು ಬಣ್ಣದ ಎಪಾಕ್ಸಿ ಬಳಿಸಿದ್ದರು. ಎಣ್ಣೆ ಚೆಲ್ಲಿದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮುಖ ಕಾಣುವಷ್ಟು ಹೊಳಪು. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಮುಂದಿನ ಟಯರು ಪಂಚರ್. ಮನೆಯ ಹುಡುಗ ಪಕ್ಕದ ಬೀದಿಯಿಂದ ಟ್ರಾಲಿ ಜಾಕಿ ತಂದ, ಕಾರೆತ್ತಿದ, ಸ್ಟೆಪ್ನಿ ಹಾಕಿದ. ಎಲ್ಲ ಸೇರಿ ಹತ್ತು ನಿಮಿಷ. ಜಾಕಿ ಎಳೆದುಕೊಂಡ ಮೇಲೆ ನೆಲದಲ್ಲಿ ಎರಡು ಗುಳಿ ಉಳಿದವು. ಒಂದೊಂದೂ ಬೆರಳ ಅಗಲದ ಗೆರೆಯಂಥದ್ದು. ಸುತ್ತ ಬಣ್ಣ ಚಕ್ಕೆ ಎದ್ದಿತ್ತು, ಒಳಗಿನ ಸಿಮೆಂಟು ಬೆಳ್ಳಗೆ ಕಾಣುತ್ತಿತ್ತು.

"ಮೂರು ವರ್ಷದಿಂದ ಕಾರು ಇಲ್ಲೇ ನಿಂತಿದೆ, ಒಂದು ಗೀರಿಲ್ಲ. ಹತ್ತು ನಿಮಿಷಕ್ಕೆ ಹಿಂಗಾಯ್ತು ಅಂದ್ರೆ ಬಣ್ಣದವನು ಮೋಸ ಮಾಡಿದಾನೆ ಕಣ್ರೀ" ಎಂದರು ಯಜಮಾನರು.

ಅವರ ಸಿಟ್ಟಿನಲ್ಲಿ ಒಂದು ಒಳ್ಳೆಯ ಒಗಟು ಅಡಗಿದೆ. ಕಾರು ಅದೇ, ನೆಲ ಅದೇ. ಅಷ್ಟೇ ಅಲ್ಲ, ಜಾಕಿ ಇಡೀ ಕಾರನ್ನೇನೂ ಹೊರಲಿಲ್ಲ. ಒಂದು ಮೂಲೆ ಎತ್ತಿತು, ಉಳಿದ ಭಾರ ಮಿಕ್ಕ ಟಯರುಗಳ ಮೇಲೇ ಇತ್ತು. ಕಡಿಮೆ ಭಾರ, ಕಡಿಮೆ ಹೊತ್ತು. ಆದರೂ ಪೆಟ್ಟು ಜಾಸ್ತಿ. ಹೇಗೆ?

ಪಾನಿಪೂರಿಯ ಹೆಬ್ಬೆರಳು

ಉತ್ತರ ಹುಡುಕಲು ಬಂಗಾರಪೇಟೆಯ ಚಾಟ್ ಗಾಡಿಯ ಮುಂದೆ ಎರಡು ನಿಮಿಷ ನಿಲ್ಲೋಣ. ನೀರಿನಂತೆಯೇ ತಿಳಿಯಾಗಿ ಕಾಣುವ ಪಾನಿಗೆ ಹೆಸರಾದ ಊರು ಅದು. ಗಾಡಿಯವರ ಕೈ ನೋಡಿ. ಪೂರಿಯನ್ನು ಅಂಗೈಯಲ್ಲಿ ಹಿಡಿದಾಗ ಅದು ಒಡೆಯುವುದಿಲ್ಲ. ನಾಲ್ಕು ಬೆರಳು, ಅಂಗೈ ಎಲ್ಲ ಸೇರಿ ಅದನ್ನು ತಬ್ಬಿಕೊಂಡಿರುತ್ತವೆ. ಅದೇ ಕೈಯ ಹೆಬ್ಬೆರಳ ತುದಿ ಮೇಲಿನಿಂದ ಒಂದಿಷ್ಟು ಒತ್ತಿದರೆ ಟಪ್ಪೆಂದು ತೂತು. ಹಿಡಿಯಲು ಹಾಕಿದ್ದಕ್ಕಿಂತ ಹೆಚ್ಚಿನ ಶಕ್ತಿಯೇನೂ ಹೆಬ್ಬೆರಳಿಗೆ ಬೇಕಾಗಲಿಲ್ಲ. ಶಕ್ತಿ ಇಳಿದ ಜಾಗ ಚಿಕ್ಕದಾಯಿತು, ಅಷ್ಟೇ.

ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ವಸ್ತು ಎಷ್ಟು ತೂಗುತ್ತದೆಯೋ ಅದು ಭಾರ. ಆ ಭಾರ ಎಷ್ಟು ಜಾಗಕ್ಕೆ ಹಂಚಿಹೋಗಿದೆ ಎಂದು ನೋಡಿ, ಒಂದೊಂದು ಪಾಲಿಗೆ ಬಂದದ್ದೆಷ್ಟು ಎಂದು ಲೆಕ್ಕ ಹಾಕಿದರೆ ಅದು ಒತ್ತಡ, ಇಂಗ್ಲಿಷಿನವರ ಪ್ರೆಷರ್. ನೆಲಕ್ಕೆ ಭಾರದ ಪರಿವೆ ಅಷ್ಟಾಗಿ ಇಲ್ಲ. ಅದನ್ನು ನೋಯಿಸುವುದು ಒತ್ತಡ.

ಉಗುರಗಲದ ಲೆಕ್ಕ

ಅಳತೆಗೆ ಒಂದು ಮನೆಮಟ್ಟದ ಮಾನ ಬೇಕು. ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ. ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್. ಅದನ್ನೇ 'ಉಗುರಗಲ' ಎನ್ನೋಣ.

ಸಣ್ಣ ಕಾರು ಸುಮಾರು 1,000 ಕಿಲೋ. ನಾಲ್ಕು ಟಯರಿಗೆ ಹಂಚಿದರೆ ಒಂದೊಂದಕ್ಕೆ 250 ಕಿಲೋ. ಟಯರು ನೆಲಕ್ಕೆ ತಾಗುವಲ್ಲಿ ಚಪ್ಪಟೆಯಾಗಿ ಅಂಗೈಯಷ್ಟು ಜಾಗ ಹಿಡಿಯುತ್ತದೆ, ಅಂದರೆ 120 ಉಗುರಗಲದ ಆಸುಪಾಸು. ಭಾಗಿಸಿ ನೋಡಿ, ಉಗುರಗಲಕ್ಕೆ 2 ಕಿಲೋ. ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸುವಾಗ 30 ಎನ್ನುತ್ತೀರಲ್ಲ, ಆ ಅಂಕಿ ಇದೇ ಒತ್ತಡದ ಇನ್ನೊಂದು ಲೆಕ್ಕ. ಒಳಗಿನ ಗಾಳಿ ಎಷ್ಟು ಒತ್ತುತ್ತದೆಯೋ ಹತ್ತಿರಹತ್ತಿರ ಅಷ್ಟನ್ನೇ ಟಯರು ನೆಲಕ್ಕೆ ದಾಟಿಸುತ್ತದೆ.

ಈಗ ಜಾಕಿಗೆ ಬನ್ನಿ. ಒಂದು ಮೂಲೆ ಎತ್ತುವಾಗ ಅದರ ಮೇಲೆ 300 ಕಿಲೋ ಬಿತ್ತು ಎಂದಿಟ್ಟುಕೊಳ್ಳಿ. ಟ್ರಾಲಿ ಜಾಕಿಗೆ ನಾಲ್ಕು ಉಕ್ಕಿನ ಗಾಲಿ. ಹೆಚ್ಚಿನ ಪಾಲು ಮುಂದಿನ ಎರಡರ ಮೇಲೆ, ತಲಾ 120 ಕಿಲೋ ಎನ್ನಿ. ಉಕ್ಕಿನ ಗಾಲಿ ಟಯರಿನ ಹಾಗೆ ಚಪ್ಪಟೆಯಾಗುವುದಿಲ್ಲ. ಎರಡು ಸೆಂಟಿಮೀಟರ್ ಉದ್ದದ, ಒಂದೂವರೆ ಮಿಲಿಮೀಟರ್ ಅಗಲದ ಗೆರೆಯಷ್ಟೇ ನೆಲಕ್ಕೆ ತಾಗುತ್ತದೆ. ಉಗುರಗಲದ ಮೂರನೇ ಒಂದು ಭಾಗವೂ ಅಲ್ಲ. ಲೆಕ್ಕ ಹಾಕಿದರೆ ಉಗುರಗಲಕ್ಕೆ 400 ಕಿಲೋ.

ಎರಡು ಎಲ್ಲಿ, ನಾನೂರು ಎಲ್ಲಿ! ಒಗಟು ಅರ್ಧ ಬಿಡಿಸಿದಂತಾಯಿತು. ಟಯರು ಪೂರಿ ಹಿಡಿದ ಅಂಗೈ, ಜಾಕಿಯ ಗಾಲಿ ಹೆಬ್ಬೆರಳು.

ಇದೇ ಲೆಕ್ಕ ಕೆಜಿಎಫ್‌ನಲ್ಲಿ ಇನ್ನೊಂದು ತಮಾಷೆ ತೋರಿಸುತ್ತದೆ. ಇಲ್ಲಿನ ಬೆಮೆಲ್ ಕಾರ್ಖಾನೆಯಲ್ಲಿ ಬುಲ್‌ಡೋಜರುಗಳು ತಯಾರಾಗುತ್ತವೆ. ಇಪ್ಪತ್ತು ಟನ್ ತೂಗುವ ಯಂತ್ರ ಎದುರು ಬಂದರೆ ನೆಲ ಕುಸಿದೀತು ಎನಿಸುತ್ತದೆ. ಆದರೆ ಅದರ ಎರಡು ಉಕ್ಕಿನ ಪಟ್ಟಿಗಳು ಹಾಸಿಗೆಯಷ್ಟು ಉದ್ದಕ್ಕೆ ನೆಲದ ಮೇಲೆ ಮಲಗಿರುತ್ತವೆ. ಉಗುರಗಲಕ್ಕೆ ಬೀಳುವುದು ಮುಕ್ಕಾಲು ಕಿಲೋ ಆಸುಪಾಸು. ನಿಮ್ಮ ಕಾರಿನ ಟಯರಿನ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಕಾರು ಹೂತುಹೋಗುವ ಕೆಸರಿನಲ್ಲಿ ಅದು ನಡೆದಾಡುತ್ತದೆ.

ಹಪ್ಪಳ ಮುರಿಯುವುದು ಎಲ್ಲಿ?

ಹಾಗಾದರೆ ಬಣ್ಣದವನ ತಪ್ಪಿಲ್ಲವೆ? ಎಪಾಕ್ಸಿ ಎಂದರೆ ಎರಡು ದ್ರವ ಬೆರೆಸಿದಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವ ಅಂಟು. ಚೆನ್ನಾಗಿ ಒಣಗಿದ ಮೇಲೆ ಹಿಂಡುವ ಒತ್ತಡವನ್ನು ಅದು ಮನೆಯ ಕಾಂಕ್ರೀಟಿಗಿಂತ ಹೆಚ್ಚು ತಡೆಯುತ್ತದೆ. ಮನೆಗಳಲ್ಲಿ ಹಾಕುವ ಎಂ-20 ಕಾಂಕ್ರೀಟು ಉಗುರಗಲಕ್ಕೆ 200 ಕಿಲೋ ತಡೆಯಬೇಕೆಂಬುದು ಲೆಕ್ಕ. ಒಂದೇ ಕಡೆ ಒತ್ತಿದಾಗ ಸುತ್ತಲಿನ ಕಾಂಕ್ರೀಟು ಅವಚಿ ಹಿಡಿಯುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ ತಾಳಿಕೊಳ್ಳುತ್ತದೆ. ಆದರೆ ಕಾಂಕ್ರೀಟು ಹಾಕಿ ಕರಣೆಯಿಂದ ಉಜ್ಜುವಾಗ ನೀರು, ನುಣುಪು ಸಿಮೆಂಟು ಮೇಲೆ ತೇಲಿಬಂದು ಒಂದು ಕೆನೆ ಕಟ್ಟುತ್ತದೆ. ಕಾಯಿಸಿದ ಹಾಲಿನ ಕೆನೆಯ ಹಾಗೇ, ಅದಕ್ಕೆ ಬಲವಿಲ್ಲ. ಅದನ್ನು ಉಜ್ಜಿ ತೆಗೆಯದೆ ಬಣ್ಣ ಬಳಿದರೆ ಬಣ್ಣ ಕೆನೆಗೆ ಅಂಟಿಕೊಂಡಿರುತ್ತದೆ, ಕಾಂಕ್ರೀಟಿಗಲ್ಲ.

ಹಪ್ಪಳವನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು ಬೆರಳಿನಿಂದ ಒತ್ತಿ, ಏನೂ ಆಗುವುದಿಲ್ಲ. ಬಟ್ಟಲಿನ ಬಾಯಿಗೆ ಇಟ್ಟು ಅಷ್ಟೇ ಒತ್ತಿ, ಮುರಿಯುತ್ತದೆ. ಎರಡೂ ಸಲ ಹಪ್ಪಳ ಒಂದೇ, ಕೆಳಗಿನ ಆಸರೆ ಬೇರೆ. ಕಾಲು ಮಿಲಿಮೀಟರ್ ದಪ್ಪದ ಎಪಾಕ್ಸಿಯ ಕತೆಯೂ ಇದೇ. ಗಾಲಿಯ ಅಡಿ ಮೊದಲು ಪುಡಿಯಾಗುವುದು ಕೆಳಗಿನ ಸಿಮೆಂಟು. ಅಲ್ಲಿ ಕಣ್ಣಿಗೆ ಕಾಣದ ಬಟ್ಟಲಾಗುತ್ತದೆ. ಆಸರೆ ತಪ್ಪಿದ ಬಣ್ಣ ಬಾಗಿ, ಅಂಚಿನಲ್ಲಿ ಸೀಳಿ, ಚಕ್ಕೆ ಏಳುತ್ತದೆ. ಅಂದರೆ ಮೇಲಿನ ಪದರವನ್ನು ಉಳಿಸಬೇಕಾದರೆ ಅದರ ಕೆಳಗಿನದ್ದನ್ನು ಉಳಿಸಬೇಕು. ಅದಕ್ಕೆ ದಾರಿ ಒಂದೇ: 400 ಕಿಲೋ ನೆಲ ಮುಟ್ಟುವ ಮೊದಲೇ ಅದನ್ನು ಹರಡಿಬಿಡುವುದು.

ಸಿಂಬಿಯಿಂದ ರೈಲಿನವರೆಗೆ

ಈ ಉಪಾಯ ನಮ್ಮ ಹೆಂಗಸರ ತಲೆಯ ಮೇಲೆ ಎಷ್ಟೋ ಕಾಲದಿಂದ ಇದೆ. ಹಿತ್ತಾಳೆ ಕೊಡದ ತಳ ಉರುಟು. ಬರಿತಲೆಯ ಮೇಲಿಟ್ಟರೆ ಒಂದು ಬೊಟ್ಟಿನಷ್ಟು ಜಾಗದಲ್ಲಿ ಇಡೀ ಕೊಡದ ಭಾರ. ಸೆರಗನ್ನೋ ಹಳೆ ಬಟ್ಟೆಯನ್ನೋ ಸುತ್ತಿ ಸಿಂಬಿ ಮಾಡಿಟ್ಟರೆ ಅದೇ ಭಾರ ತಲೆಯ ಸುತ್ತ ಉಂಗುರವಾಗಿ ಹರಡುತ್ತದೆ. ಕೆಂಪು ಕಾವಿ ನೆಲದ ಮನೆಗಳಲ್ಲಿ ಬೀರುವಿನ ಕಾಲ ಕೆಳಗೆ ಮರದ ತುಂಡಿಡುವುದೂ ಅದಕ್ಕೇ.

ಇದೇ ಉಪಾಯವನ್ನು ದೊಡ್ಡದಾಗಿ ನೋಡಬೇಕಾದರೆ ಉರಿಗಾಂ ಸ್ಟೇಷನ್ನಿಗೆ ಹೋಗಿ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಈ ಕವಲು ಹಳಿ ಚಿನ್ನದ ಗಣಿಗಾಗಿಯೇ 1890ರ ದಶಕದಲ್ಲಿ ಬಂದದ್ದು. ದೊಡ್ಡ ಎಂಜಿನ್ನಿನ ಒಂದು ಗಾಲಿಯ ಮೇಲೆ ಸುಮಾರು 10 ಟನ್ ಇರುತ್ತದೆ. ಗಾಲಿ ಹಳಿಗೆ ತಾಗುವುದು ನಮ್ಮ ಉಗುರಗಲದಷ್ಟೇ ಜಾಗದಲ್ಲಿ. ಅಲ್ಲಿ ಉಗುರಗಲಕ್ಕೆ ಹತ್ತು ಸಾವಿರ ಕಿಲೋ ಹತ್ತಿರ! ಒಳ್ಳೆಯ ಉಕ್ಕು ಮಾತ್ರ ಅದನ್ನು ತಾಳೀತು. ಆ ಭಾರ ಹಳಿಯ ಅಗಲವಾದ ಪಾದಕ್ಕೆ ಇಳಿಯುತ್ತದೆ. ಪಾದದಿಂದ ಅಕ್ಕಪಕ್ಕದ ಹಲವು ಸ್ಲೀಪರುಗಳಿಗೆ, ಸ್ಲೀಪರಿನಿಂದ ಸುಮಾರು ಒಂದಡಿ ದಪ್ಪದ ಜಲ್ಲಿಗೆ. ಜಲ್ಲಿ ದಾಟಿ ಮಣ್ಣು ಮುಟ್ಟುವಾಗ ಉಗುರಗಲಕ್ಕೆ ಒಂದು ಕಿಲೋ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟನ್ನು ಹೊಲದ ಮಣ್ಣೂ ಹೊರುತ್ತದೆ. ರೈಲಿನ ತೂಕದಲ್ಲಿ ಒಂದು ಗ್ರಾಮೂ ಕಡಿಮೆಯಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹರಡಿಹೋಗಿದೆ.

ಭಾರದ ಕೊಡೆ

ಇಲ್ಲಿಯವರೆಗೆ ಓದಿದವರು, 'ಸರಿ, ಜಾಕಿ ಕೆಳಗೆ ಅಗಲವಾದ ತಗಡೋ ರಟ್ಟೋ ಹಾಸಿದರಾಯಿತು' ಎನ್ನಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕಡಿ ಅಗಲಕ್ಕೆ ದಿನಪತ್ರಿಕೆ ಹಾಸಿ ಅದರ ಮೇಲೆ ಜಾಕಿ ಇಟ್ಟರೆ ನೆಲ ಉಳಿದೀತೆ? ಇಲ್ಲ ಎಂದು ಎಲ್ಲರಿಗೂ ಗೊತ್ತು. ಪತ್ರಿಕೆ ಅಗಲವಾಗೇನೋ ಇದೆ. ಕೊರತೆ ಬೇರೆಯದರಲ್ಲಿ.

ಗಟ್ಟಿ ಹಲಗೆಯ ಮೇಲೆ ಒಂದು ಬಿಂದುವಿನಲ್ಲಿ ಒತ್ತಿದರೆ, ಆ ಭಾರ ಕೆಳಗಿಳಿಯುತ್ತಾ ಬಿಚ್ಚಿದ ಕೊಡೆಯಂತೆ ಸುತ್ತಲೂ ಅಗಲವಾಗುತ್ತ ಹೋಗುತ್ತದೆ. ಇದನ್ನು 'ಭಾರದ ಕೊಡೆ' ಎನ್ನೋಣ. ಎಂಜಿನಿಯರುಗಳ ಕೈಲೆಕ್ಕ ಸರಳ: ಎಷ್ಟು ಕೆಳಗೆ ಇಳಿಯಿತೋ, ಪ್ರತಿ ಬದಿಗೂ ಅಷ್ಟೇ ಹರಡುತ್ತದೆ. ಒಂದು ಸೆಂಟಿಮೀಟರ್ ದಪ್ಪ ದಾಟಿದರೆ ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು, ಹಿಂದಕ್ಕೊಂದು ಸೆಂಟಿಮೀಟರ್. ದಪ್ಪ ಮುಗಿಯಿತು ಎಂದರೆ ಕೊಡೆ ಬಿಚ್ಚುವುದೂ ಮುಗಿಯಿತು. ಅದರಾಚೆ ಹಲಗೆ ಎಷ್ಟು ಅಗಲವಿದ್ದರೂ ಆ ಭಾಗ ಹೊರಲು ಬರುವುದಿಲ್ಲ.

ನಮ್ಮ ಗಾಲಿಯನ್ನೇ ತೆಗೆದುಕೊಳ್ಳಿ. ತಾಗುವ ಗೆರೆ 2 ಸೆಂಟಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ಅಗಲ, ಮೇಲೆ 120 ಕಿಲೋ. ಕೆಳಗೆ 3 ಮಿಲಿಮೀಟರಿನ ತೆಳ್ಳನೆ ಹಾಳೆ ಇಟ್ಟರೆ ಕೊಡೆ ಸುಮಾರು 2 ಉಗುರಗಲಕ್ಕೆ ಬಿಚ್ಚುತ್ತದೆ. ಒತ್ತಡ 60 ಕಿಲೋಗೆ ಇಳಿಯುತ್ತದೆ. ಬಡಗಿಗಳು ಮಾಮೂಲಿಯಾಗಿ ಬಳಸುವ 18 ಮಿಲಿಮೀಟರ್ ಪ್ಲೈವುಡ್ ಇಟ್ಟರೆ 21 ಉಗುರಗಲ, ಒತ್ತಡ 6 ಕಿಲೋ. ಅಂಥ ಎರಡು ಹಲಗೆ ಒಂದರ ಮೇಲೊಂದು ಇಟ್ಟರೆ 67 ಉಗುರಗಲ. ಒತ್ತಡ 2 ಕಿಲೋಗೂ ಕೆಳಗೆ. ಅಲ್ಲಿಗೆ ನಿಮ್ಮ ಜಾಕಿ ಟಯರಿನಷ್ಟೇ ಮೆದುವಾಗಿ ನೆಲದ ಮೇಲೆ ಕೂತಂತಾಯಿತು. ಇವೆಲ್ಲ ಅಂದಾಜು. ಆದರೆ ದಪ್ಪ ಎರಡರಷ್ಟಾದಾಗ ಒತ್ತಡ ಅರ್ಧಕ್ಕಲ್ಲ, ಮೂರರಲ್ಲಿ ಒಂದಕ್ಕೆ ಇಳಿದದ್ದನ್ನು ಗಮನಿಸಿ. ಕೊಡೆ ಉದ್ದಕ್ಕೂ ಬಿಚ್ಚುತ್ತದೆ, ಅಡ್ಡಕ್ಕೂ ಬಿಚ್ಚುತ್ತದೆ. ಅದಕ್ಕೇ ಈ ಲಾಭ.

ದಪ್ಪವಿದ್ದರೂ ಮೆತ್ತಗಿದ್ದರೆ ಪ್ರಯೋಜನವಿಲ್ಲ. ದಪ್ಪನೆ ಸ್ಪಂಜಿನ ಮೇಲೆ ಗಾಲಿ ಇಟ್ಟರೆ ಅದು ನೇರ ಒಳಗಿಳಿದು ತಳ ಮುಟ್ಟುತ್ತದೆ. ಕೊಡೆಯ ಕಡ್ಡಿಗಳು ಗಟ್ಟಿ ಇದ್ದರೆ ತಾನೆ ಅದು ಬಿಚ್ಚುವುದು?

ಮೂರು ಕಿಲೋಮೀಟರ್ ಕೆಳಗೆ

ಭಾರ ಮಾಯವಾಗುವುದಿಲ್ಲ, ಪಾಲು ಬದಲಾಗುತ್ತದೆ ಎಂಬ ಮಾತನ್ನು ಕೆಜಿಎಫ್‌ನಷ್ಟು ಕಷ್ಟಪಟ್ಟು ಕಲಿತ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದ ಗಣಿ 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಅದರ ಚಾಂಪಿಯನ್ ರೀಫ್ ಭಾಗ 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ತೂಕವೊಂದೇ ಉಗುರಗಲಕ್ಕೆ 900 ಕಿಲೋ ಹತ್ತಿರ. ಅದಿರು ತೆಗೆದು ಪೊಳ್ಳು ಮಾಡಿದಾಗ, ತೆಗೆದ ಬಂಡೆ ಹೊರುತ್ತಿದ್ದ ಭಾರ ಉಳಿದ ಅಂಚುಗಳ ಮೇಲೆ ಹೋಗಿ ಕೂರುತ್ತಿತ್ತು. ತಾಳಲಾರದ ಬಂಡೆ ಸಿಡಿಮದ್ದಿನಂತೆ ಸಿಡಿಯುತ್ತಿತ್ತು. ಈ ಬಂಡೆಸಿಡಿತಕ್ಕೆ ಕೆಜಿಎಫ್ ಜಗತ್ತಿನಲ್ಲೇ ಕುಖ್ಯಾತ. ಬಂಡೆಗಳ ವರ್ತನೆಯನ್ನು ಓದುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ.

ಪೊಳ್ಳಿಗೆ ಆಸರೆಯಾಗಿ ಇಲ್ಲಿ ಮರದ ಕಂಬಗಳನ್ನು ನಿಲ್ಲಿಸಿದರು, ಗ್ರಾನೈಟ್ ಕಲ್ಲಿನ ಗೋಡೆಗಳನ್ನು ಕಟ್ಟಿದರು. ಗಣಿಗಳಲ್ಲಿ ಕಂಬವನ್ನು ಸೂರಿನ ಬಂಡೆಗೆ ನೇರ ತಾಗಿಸುವುದಿಲ್ಲ; ನಡುವೆ ಮರದ ಹಲಗೆಯೊಂದನ್ನು ಕೊಡುತ್ತಾರೆ. ಅದು ಭಾರವನ್ನು ಹರಡುತ್ತದೆ. ಮಿತಿಮೀರಿದಾಗ ಬಂಡೆಗಿಂತ ಮೊದಲು ತಾನು ಹಿಸುಕಿ, ಕಿರುಗುಟ್ಟಿ, ಕೆಳಗಿರುವವರಿಗೆ ಸುದ್ದಿ ಮುಟ್ಟಿಸುತ್ತದೆ. ಜಾಕಿಯ ಕೆಳಗಿನ ಪ್ಲೈವುಡ್ಡಿನ ಮೈಮೇಲೆ ಗಾಲಿಯ ಗುರುತು ಬಿದ್ದರೆ ಹಲಗೆ ಕೆಟ್ಟಿತು ಎಂದು ಪೇಚಾಡಬೇಡಿ. ನೆಲದಲ್ಲಿ ಬೀಳಬೇಕಾದ ಗುಳಿ ಅಲ್ಲಿ ಬಿದ್ದಿದೆ.

ಹಲಗೆಯ ಮೇಲೊಂದು ತಗಡು

ಆದರೆ ಆ ಗುಳಿಯಿಂದಲೇ ಇನ್ನೊಂದು ತೊಂದರೆ ಇದೆ. ಟ್ರಾಲಿ ಜಾಕಿಯ ತೋಳು ನೆಟ್ಟಗೆ ಮೇಲೇಳುವುದಿಲ್ಲ. ಬಾವಿಯ ಏತದ ಮರದಂತೆ ಒಂದು ಕಡೆ ಕೀಲಿಟ್ಟು, ಬಿಲ್ಲಿನ ಆಕಾರದಲ್ಲಿ ಏಳುತ್ತದೆ. ಹಾಗಾಗಿ ಕಾರು ಮೇಲೇರಿದಂತೆ ಜಾಕಿ ಸ್ವಲ್ಪ ಸ್ವಲ್ಪವೇ ಕಾರಿನ ಅಡಿಗೆ ಉರುಳಬೇಕು. ಗಾಲಿ ಇರುವುದೇ ಅದಕ್ಕೆ. ಗಾಲಿ ಪ್ಲೈವುಡ್ಡಿನಲ್ಲಿ ಹೂತು ಉರುಳದೆ ಹೋದರೆ ಎರಡರಲ್ಲಿ ಒಂದು: ಹಲಗೆಯೇ ನೆಲದ ಮೇಲೆ ಜಾರಿ ಬಣ್ಣ ಕೆರೆಯುತ್ತದೆ, ಇಲ್ಲವೇ ಜಾಕಿಯ ತಲೆ ಕಾರಿನ ಅಡಿಯಿಂದ ಜಾರುತ್ತದೆ. ಮೊದಲನೆಯದು ನೆಲಕ್ಕೆ ಕೇಡು, ಎರಡನೆಯದು ಜೀವಕ್ಕೆ.

ಆದ್ದರಿಂದ ಪ್ಲೈವುಡ್ಡಿನ ಮೇಲೆ 3 ಮಿಲಿಮೀಟರಿನ ಕಬ್ಬಿಣದ ತಗಡೊಂದು ಬೇಕು. ಅದರ ಮೇಲೆ ಗಾಲಿ ಹೂಳದೆ ಉರುಳುತ್ತದೆ. ಹಳಿ ಮೇಲೆ, ಸ್ಲೀಪರು ಕೆಳಗೆ: ರೈಲಿನ ಕ್ರಮವೇ. ಜಾಕಿಯ ನಾಲ್ಕೂ ಗಾಲಿ ಕೂತು, ಮುಂದೆ ಅರ್ಧ ಅಡಿ ಉರುಳಲು ಜಾಗ ಉಳಿಯುವಷ್ಟು ಉದ್ದ ಅಗಲವಿರಬೇಕು. ಅಗಲದ ಉಪಯೋಗ ಈಗ ಬಂತು ನೋಡಿ. ಅಗಲ ಓಡಾಟಕ್ಕೆ, ದಪ್ಪ ಭಾರಕ್ಕೆ.

ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಬರುವ, ತಿರುಗಿಸಿ ಎತ್ತುವ ಜಾಕಿಗೆ ಗಾಲಿಯಿಲ್ಲ. ಅದಕ್ಕೆ ಬರಿ ಪ್ಲೈವುಡ್ ಸಾಕು, ತಗಡು ಹಾಕಿದರೆ ಜಾರುವ ಭಯ. ಕಾರನ್ನು ನಿಲ್ಲಿಸಲು ಇಡುವ ನಾಲ್ಕು ಕಾಲಿನ ಸ್ಟ್ಯಾಂಡಿನ ಪಾದಗಳು ತೆಳ್ಳನೆಯ ಕಬ್ಬಿಣದ ಅಂಚುಗಳು, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಂದೊಂದು ಸ್ಟ್ಯಾಂಡಿಗೂ ನಾಲ್ಕು ಕಾಲೂ ಕೂರುವ ಒಂದೇ ಹಲಗೆ ಕೊಡಿ. ಕಾಲಿಗೊಂದು ತುಂಡು ಕೊಟ್ಟರೆ ಒಂದು ಜಾರಿದರೂ ಸ್ಟ್ಯಾಂಡ್ ವಾಲುತ್ತದೆ.

ಒಂದು ಹರಳು ಸಾಕು

ಇಷ್ಟೆಲ್ಲ ಮಾಡಿ ಕಸಬರಿಗೆ ಮರೆತರೆ ವ್ಯರ್ಥ. ಕೆಜಿಎಫ್‌ನ ಸಯನೈಡ್ ದಿಬ್ಬಗಳಿಂದ ಗಾಳಿಗೆ ಹಾರಿ ಬರುವ ದೂಳು ಇಲ್ಲಿನ ಮನೆಗಳಿಗೆ ಹೊಸದಲ್ಲ. ಇಲ್ಲಿನ ಚಿನ್ನ ಕೂತಿದ್ದದ್ದು ಬೆಣಚುಕಲ್ಲಿನಲ್ಲಿ. ಆ ಕಲ್ಲನ್ನು ಅರೆದು ಚಿನ್ನ ತೆಗೆದು ಉಳಿದದ್ದೇ ಈ ದಿಬ್ಬಗಳು. ಬೆಣಚು ಗಾಜನ್ನೂ ಗೀರುವ ಕಲ್ಲು. ದೂಳಿನ ಜೊತೆ ಟಯರಿನ ಸಂದಿಯಲ್ಲಿ ಸಿಕ್ಕಿ ಬಂದ ಒಂದು ಬೆಣಚಿನ ಹರಳು ಹಲಗೆಯ ಅಡಿಯಲ್ಲಿ ಉಳಿಯಿತು ಎನ್ನಿ. ಕೊಡೆ ಬಿಚ್ಚಿ ಹರಡಿದ ಭಾರವೆಲ್ಲ ಮತ್ತೆ ಆ ಹರಳಿನ ಮೊನೆಗೆ ಬಂದು ಸೇರುತ್ತದೆ. ಹೆಬ್ಬೆರಳು ಮತ್ತೆ ಪೂರಿಯ ಮೇಲೆ!

ಹಲಗೆ ಇಡುವ ಮೊದಲು ನೆಲ ಗುಡಿಸಿ. ಹಲಗೆಯ ಅಡಿಭಾಗವನ್ನೂ ಅಂಗೈಯಿಂದ ಸವರಿ ನೋಡಿ. ಮೊಳೆಯ ತಲೆ ಎದ್ದಿದ್ದರೆ ಅದೂ ಹರಳೇ. ಮೇಲಿನ ಸಿಪ್ಪೆ ಬಿಟ್ಟ ಹಳೆಯ ಪ್ಲೈವುಡ್ ಬೇಡ.

ಇಳಿಸುವಾಗಲೂ ಅವಸರ ಬೇಡ. ಟ್ರಾಲಿ ಜಾಕಿಯ ತಿರುಪನ್ನು ಒಮ್ಮೆಗೇ ಬಿಟ್ಟು, ಬೀಳುವ ಕಾರನ್ನು ನಡುವೆ ಗಕ್ಕನೆ ತಡೆದರೆ ಆ ಕ್ಷಣದ ಒತ್ತಡ ಎರಡರಷ್ಟಕ್ಕೂ ಏರಬಹುದು. ಮೆಲ್ಲಗೆ ಸಡಿಲಿಸಿ. ಎಪಾಕ್ಸಿ ಹೊಸದಾಗಿ ಬಳಿಸಿದ್ದರೆ ಕನಿಷ್ಠ ಒಂದು ವಾರ ಜಾಕಿಯನ್ನು ಅದರ ಹತ್ತಿರವೂ ತರಬೇಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ಹೆಣಿಗೆ ಪೂರ್ತಿಯಾಗಿರುವುದಿಲ್ಲ.

ಕೊನೆಗೊಂದು ಮಾತು

ಉರಿಗಾಂನ ಯಜಮಾನರು ಈಗ ಎರಡು ಪ್ಲೈವುಡ್ ತುಂಡು, ಒಂದು ತಗಡು ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದಾರೆ. ಫರ್ನಿಚರ್ ಕೆಲಸದವರ ಹತ್ತಿರ ಮಿಕ್ಕ ತುಂಡುಗಳು ಇದ್ದೇ ಇರುತ್ತವೆ, ಕೇಳಿ ತರಬಹುದು. ಗುಳಿ ಬಿದ್ದ ಜಾಗವನ್ನು ಸ್ವಚ್ಛಗೊಳಿಸಿ, ಸಡಿಲ ಚಕ್ಕೆ ಕೆರೆದು, ಎಪಾಕ್ಸಿ ಲಪ್ಪ ತುಂಬಿ, ಮೇಲೆ ಬಣ್ಣ ಬಳಿದರೆ ಮುಗಿಯಿತು.

ನೆಲವನ್ನು ಮತ್ತೆ ಬಳಿಯಬಹುದು. ಆದ್ದರಿಂದ ಕೊನೆಯ ಸೂಚನೆ ನೆಲದ್ದಲ್ಲ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಎತ್ತದ ಬದಿಯ ಗಾಲಿಗೆ ಅಡ್ಡಗಲ್ಲು ಕೊಡಿ. ಹಲಗೆಗಳು ಅಲುಗದಂತೆ ಕೂತಿವೆಯೆ ಎಂದು ತಳ್ಳಿ ನೋಡಿ. ಪೊಳ್ಳು ಸಿಮೆಂಟ್ ಇಟ್ಟಿಗೆಯನ್ನು ಹಲಗೆಯ ಬದಲು ಎಂದೂ ಇಡಬೇಡಿ, ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಕೆಲಸ. ಬರಿ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ, ಒಂದು ನಿಮಿಷದ ಕೆಲಸವಾದರೂ ಸರಿ, ತಲೆ ಹಾಕಬೇಡಿ.